ಗೋಡೆ ಮೇಲಿನ ಹೆಡ್‌ಮಾಸ್ಟ್ರು

ಮೇಲಿನವರ ಕೈಗೆ ಒತ್ತಲು ಹೊಸ ಗುಂಡಿಯೊಂದು ಸಿಕ್ಕಿತು ಅಂದರೆ ಕೆಳಗಿದ್ದವರಿಗೆ ಹೊಸ ಫಜೀತಿ ತಪ್ಪಿದ್ದಲ್ಲ. ಎಲ್ಲ ಕಾಲದಲ್ಲೂ, ಎಲ್ಲ ಆಫೀಸಿನಲ್ಲೂ ನಡೆಯುವ ಕಥೆ ಇದು. ನಮ್ಮಲ್ಲಿ ಸ್ವಲ್ಪ ಜಾಸ್ತಿ ನಡೆಯಿತು, ಅಷ್ಟೆ.

ನಾನು ಸಾಗರದವಳು. ಎಂಬತ್ತರ ದಶಕದ ಶುರುವಿನಲ್ಲಿ ಕೋಣಂದೂರಿನಿಂದ ಇನ್ನೂ ಒಳಗಿದ್ದ ಒಂದು ಊರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಒಳ್ಳೆಯ ಶಾಲೆ, ಒಳ್ಳೆಯ ಮಕ್ಕಳು. ಇಲ್ಲದ್ದು ಒಂದೇ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸೆಂಟರು. ನಮ್ಮ ಮಕ್ಕಳು ಪರೀಕ್ಷೆ ಬರೆಯಲು ತೀರ್ಥಹಳ್ಳಿಗೇ ಹೋಗಬೇಕು. ಬೆಳಿಗ್ಗೆ ಇದ್ದದ್ದು ಒಂದು ಬಸ್ಸು, ಅದನ್ನೂ ನಂಬುವ ಹಾಗಿರಲಿಲ್ಲ. ನಾನು ಸೇರಿದ ವರ್ಷ ಗಣಿತದ ಪರೀಕ್ಷೆಯ ದಿನವೇ ಅದು ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಮಕ್ಕಳು ಅಳುತ್ತಾ ಲಾರಿ ಹತ್ತಿ ಹೋದರು. ಹೆಣ್ಣುಮಕ್ಕಳ ಪಾಡಂತೂ ಕೇಳಬೇಡಿ. “ಪರೀಕ್ಷೆ ಮುಗಿಯೋ ತನಕ ತೀರ್ಥಹಳ್ಳೀಲಿ ಯಾರ ಮನೇಲಿ ಬಿಡೋದು ಟೀಚರ್? ಓದಿದ್ದು ಸಾಕು ಬಿಡಿ” ಅನ್ನುವ ಅಪ್ಪಂದಿರೇ ಹೆಚ್ಚು. ಮರುವರ್ಷ ಹತ್ತನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿಯ ಅಪ್ಪನೂ ಹೀಗೇ ಹೇಳಿಬಿಟ್ಟಿದ್ದರು.

ಹೆಡ್‌ಮಾಸ್ಟ್ರು ಅದೇ ಊರಿನವರು. “ಈ ಸಲ ಸೆಂಟರ್ ತರದೇ ಬಿಡಲ್ಲ” ಅಂತ ಹಟ ತೊಟ್ಟರು. ಎಲ್ಲವೂ ಹೆಡ್‌ಮಾಸ್ಟರ ಹತೋಟಿಯಲ್ಲಿರುವ ಶಾಲೆಗೆ ಮಾತ್ರ ಸೆಂಟರು ಕೊಡುತ್ತಾರೆ ಅಂತ ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಊದಿದ್ದರು. ಸರಿ, ಶಿವಮೊಗ್ಗಕ್ಕೆ ಹೋದವರು ಜೀಪಿನಲ್ಲಿ ಒಂದು ಯಂತ್ರ ಹೇರಿಕೊಂಡು ಬಂದರು. ಅವರ ಮೇಜಿನ ಮೇಲೆ ಮೈಕು ಮತ್ತು ಸಾಲಾಗಿ ಗುಂಡಿಗಳು. ಪ್ರತಿ ಕ್ಲಾಸಿನ ಗೋಡೆ ಮೇಲೆ, ಸ್ಟಾಫ್ ರೂಮಿನಲ್ಲೂ, ಒಂದೊಂದು ಮರದ ಡಬ್ಬಿ. ಒಂದು ಗುಂಡಿ ಒತ್ತಿದರೆ ಒಂದು ಕ್ಲಾಸಿಗೆ ಮಾತಾಡಬಹುದು. ಕೆಂಪು ಗುಂಡಿ ಒತ್ತಿದರೆ ಇಡೀ ಶಾಲೆಗೆ. ಪ್ರತಿ ಗುಂಡಿಯ ಪಕ್ಕದ ಪುಟ್ಟ ಕೀಲಿ ತಿರುಗಿಸಿದರೆ ಆ ಕ್ಲಾಸಿನಲ್ಲಿ ಆಡುವ ಮಾತು ಇವರಿಗೆ ಕೇಳಿಸುತ್ತದೆ.

“ಟೀಚರ್ರೇ, ಫಿಸಿಕ್ಸ್ ಓದಿದವ್ರು ನೀವು. ಇದರ ಯೋಗಕ್ಷೇಮ ನಿಮ್ದು” ಅಂದರು. ನಾನು ಓದಿದ ಫಿಸಿಕ್ಸಿನಲ್ಲಿ ಡಬ್ಬಿ ಇರಲಿಲ್ಲ. ಹೇಳಿದರೆ ಕೇಳುವವರು ಯಾರು?

ಕೂರಲು ಅಪ್ಪಣೆ

ಮೊದಲ ದಿನ ಡಬ್ಬಿಯಿಂದ ಹೆಡ್‌ಮಾಸ್ಟರ ದನಿ ಬಂದದ್ದೇ ತಡ, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ದಡಬಡ ಎದ್ದು ನಿಂತರು. ದೊಡ್ಡವರು ಬಂದರೆ ಏಳಬೇಕು, ಅವರು ಕೂರಿ ಅಂದ ಮೇಲೆ ಕೂರಬೇಕು. ನಾವೇ ಕಲಿಸಿದ್ದು. ಡಬ್ಬಿ ಏನೋ ಪ್ರಕಟಣೆ ಹೇಳಿ ಸುಮ್ಮನಾಯಿತು. ಮಕ್ಕಳು ನಿಂತೇ ಇದ್ದರು.

“ಕೂತ್ಕೊಳ್ರೋ” ಅಂದೆ.

“ಹೆಡ್‌ಮಾಸ್ಟ್ರು ಹೇಳ್ಲಿಲ್ಲ ಟೀಚರ್.”

“ಅವರು ಅವರ ರೂಮಲ್ಲಿದಾರೆ ಕಣ್ರೋ!”

“ಡಬ್ಬೀಲಿ ಬಂದಿದ್ರಲ್ಲ ಟೀಚರ್.”

ವಾದ ಮಾಡಿ ಗಂಟಲು ನೋಯಿಸಿಕೊಳ್ಳುವ ಬದಲು, ‘ಕೂರಿ’ ಅನ್ನಿಸಲು ನಾನೇ ಹೆಡ್‌ಮಾಸ್ಟರ ರೂಮಿಗೆ ಓಡಿದೆ. ಆಮೇಲೆ ಅವರು ಬಹಳ ಎಚ್ಚರ ವಹಿಸಿದರು. ಕೊನೆಗೆ ಮರೆತುಹೋದೀತು ಅಂತ ಪ್ರಕಟಣೆಯ ಮೊದಲೇ “ಎಲ್ಲರೂ ಕೂತ್ಕೊಳ್ಳಿ” ಅನ್ನಲು ಶುರುಮಾಡಿದರು. ಕೂತಿದ್ದ ಮಕ್ಕಳೆಲ್ಲ ಆಗಲೂ ಎದ್ದರು. “ಈಗ್ಯಾಕೆ ಎದ್ರಿ?” ಅಂತ ರೇಗಿದೆ. ಮುಂದಿನ ಬೆಂಚಿನ ಹುಡುಗ ತಣ್ಣಗೆ ಹೇಳಿದ: “ಕೂರ್ಬೇಕು ಅಂದ್ರೆ ಮೊದ್ಲು ಏಳ್ಬೇಕಲ್ಲ ಟೀಚರ್.”

ಬಾಯಿ ತುಂಬಿದ ಪ್ರಕಟಣೆ

ನಮ್ಮ ಹೆಡ್‌ಮಾಸ್ಟರಿಗೆ ಎಲೆಅಡಿಕೆ ಇಲ್ಲದೆ ಆಗುತ್ತಿರಲಿಲ್ಲ. ಹದವಾಗಿ ರಸ ಇಳಿಯುವ ಹೊತ್ತಿಗೇ ಅವರಿಗೆ ಶಾಲೆಗೆ ಹೇಳಬೇಕಾದ ತುರ್ತು ವಿಷಯ ಹೊಳೆಯುವುದು. ಉಗುಳಿ ಬರಲು ಮನಸ್ಸಾಗದು. ಮುಖ ಮೇಲಕ್ಕೆತ್ತಿ, ತುಟಿ ಬಿಗಿಹಿಡಿದು ಮೈಕಿಗೆ ಮಾತಾಡುವರು.

ಆಗಷ್ಟೇ ಮೈಸೂರಿನಿಂದ ಇಂಗ್ಲಿಷ್ ಮೇಷ್ಟರೊಬ್ಬರು ಬಂದಿದ್ದರು. ಅವರ ಕ್ಲಾಸಿನ ಡಬ್ಬಿಯಿಂದ ಒಂದು ದಿನ “ಉಂ... ಹೂಂ ಗೂಂ... ಊಂಹೂಂ” ಅಂತ ಬಂತು. ಮಷೀನು ಕೆಟ್ಟಿತು ಅಂದುಕೊಂಡು ಅವರು ಪಾಠ ಮುಂದುವರಿಸಿದರು. ನೋಡುತ್ತಾರೆ, ಇಡೀ ಕ್ಲಾಸು ಪುಸ್ತಕ ಚೀಲಕ್ಕೆ ತುಂಬುತ್ತಿದೆ.

“ಎಲ್ಲಿಗೆ ಹೊರಟ್ರಿ?”

“ಕೊನೇ ಪೀರಿಯಡ್ ಇಲ್ವಂತೆ ಸಾರ್. ಹೊಳೆ ಏರ್ತಿದೆ, ದೋಣೀಲಿ ದಾಟೋರು ಬೇಗ ಹೋಗಿ ಅಂದ್ರಲ್ಲ!”

“ಇಷ್ಟೆಲ್ಲಾ ಹೇಳಿದ್ರಾ ಅವರು?”

“ಕೊಡೆ ಮರೀಬೇಡಿ ಅಂತಾನೂ ಅಂದ್ರು ಸಾರ್.”

ಪಾಪ, ಅವರು ಸ್ಟಾಫ್ ರೂಮಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತರು. ತಮ್ಮ ಎಂ.ಎ. ಡಿಗ್ರಿ ಮೇಲೇ ಅವರಿಗೆ ಅನುಮಾನ ಬಂದಿತ್ತು. ದೀಪಾವಳಿ ಹೊತ್ತಿಗೆ ಅವರೂ ಎಲೆಅಡಿಕೆ ಕಲಿತರು. ಹೆಡ್‌ಮಾಸ್ಟ್ರು ಡಬ್ಬಿಯಲ್ಲಿ “ಊಂ ಗೂಂ?” ಅಂದರೆ ಇವರು ಕ್ಲಾಸಿನಿಂದಲೇ ಮುಖ ಮೇಲೆತ್ತಿ “ಹೂಂ ಹೂಂ” ಅನ್ನುತ್ತಿದ್ದರು. ಏನು ಮಾತಾಡಿಕೊಂಡರು ಅಂತ ಮಕ್ಕಳನ್ನು ಕೇಳಿ ನಾನು ತಿಳಿದುಕೊಳ್ಳುತ್ತಿದ್ದೆ.

ಮುನ್ಸೂಚನೆ

ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ನೀರಿನ ಕರೆಂಟು ಎಲ್ಲೆಲ್ಲಿಗೋ ಹೋಗುತ್ತಿತ್ತು, ನಮ್ಮೂರಿಗೆ ಮನಸ್ಸು ಬಂದಾಗ ಬರುತ್ತಿತ್ತು. ಕರೆಂಟಿಲ್ಲದ ಹೊತ್ತಿನಲ್ಲಿ ಮೊದಲಿನ ಹಾಗೆ ಅಟೆಂಡರ್ ಕೈಲಿ ಹೇಳಿಕಳಿಸಿದರೆ ಮುಗಿಯಿತು. ಆದರೆ ಹೆಡ್‌ಮಾಸ್ಟ್ರು ಒಪ್ಪಬೇಕಲ್ಲ! “ಯಂತ್ರ ಇಟ್ಕೊಂಡು ಆಳು ಓಡಿಸೋದು ಅಂದ್ರೆ ಎಂತದು ಮಾರಾಯ್ರೇ? ಕರೆಂಟ್ ಬಂದ ಕೂಡ್ಲೆ ನಾನೇ ಹೇಳ್ತೀನಿ. ಎಲ್ರೂ ಡಬ್ಬಿ ಕಡೆ ಗಮನ ಇಟ್ಟಿರ್ಲಿ ಅಂತ ಮಾತ್ರ ಹೇಳಿ ಬಾ” ಅಂತ ಅಟೆಂಡರನ್ನು ಕಳಿಸಿದರು.

ಆತ ನನ್ನ ಬಾಗಿಲಿಗೆ ಬಂದು ಬಲು ಗಂಭೀರವಾಗಿ ಹೇಳಿದ: “ಕರೆಂಟ್ ಬಂದ ಮೇಲೆ ಸಾಹೇಬ್ರು ಡಬ್ಬೀಲಿ ಮಾತಾಡ್ತಾರೆ. ಎಲ್ರೂ ಕೇಳ್ಬೇಕಂತೆ.”

“ಏನಂತೆ ವಿಷಯ?”

“ನಾಳೆ ಶಾಲೆಗೆ ರಜ ಅಂತೆ. ಅದನ್ನ ನಾನು ಹೇಳ್ಬಾರ್ದಂತೆ.”

ಕರೆಂಟು ಬಂದದ್ದು ನಾಳೆ ಕಳೆದು ನಾಡಿದ್ದು. ಹೆಡ್‌ಮಾಸ್ಟ್ರು ಬಿಡದೆ ಕೆಂಪು ಗುಂಡಿ ಒತ್ತಿ, ನಿನ್ನೆ ರಜ ಇತ್ತು ಅಂತ ಇಡೀ ಶಾಲೆಗೆ ತಿಳಿಸಿದರು.

ಡಬ್ಬಿಗೊಂದು ಕುರ್ಚಿ

ಕದ್ದು ಕೇಳುವ ಕೀಲಿಯ ಸಂಗತಿ ನಮಗೆ ಯಾರಿಗೂ ಹಿಡಿಸಿರಲಿಲ್ಲ. ಪಾಠ ಮಾಡುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸುತ್ತಿತ್ತು. ನನಗಂತೂ ಸಿಟ್ಟೇ ಬರುತ್ತಿತ್ತು. ಅದಕ್ಕೆ ಮದ್ದು ಕಂಡುಹಿಡಿದವರು ನಮ್ಮ ಕನ್ನಡ ಪಂಡಿತರು. ಕೀಲಿ ತಿರುಗಿಸಿದ ಕೂಡಲೇ ಕ್ಲಾಸಿನ ಡಬ್ಬಿ ‘ಕಿರ್’ ಅನ್ನುತ್ತದೆ ಅನ್ನುವುದು ಅವರಿಗೆ ಗೊತ್ತಾಗಿಹೋಯಿತು.

ಮಾರನೇ ದಿನ ಡಬ್ಬಿ ಕಿರ್ ಅಂದಿತು. ಪಂಡಿತರು ಪಾಠ ನಿಲ್ಲಿಸಿ ಕೈಮುಗಿದರು. “ನಮಸ್ಕಾರ ಸಾರ್, ಬನ್ನಿ ಬನ್ನಿ. ಏಯ್, ಸಾರಿಗೊಂದು ಕುರ್ಚಿ ಹಾಕ್ರೋ.” ಮಕ್ಕಳು ಡಬ್ಬಿಯ ಕೆಳಗೆ ಕುರ್ಚಿ ಹಾಕಿದರು. ಹೆಡ್‌ಮಾಸ್ಟ್ರು ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡಿದರೆ ಕದ್ದು ಕೇಳಿದ್ದು ಒಪ್ಪಿಕೊಂಡ ಹಾಗಾಗುತ್ತದಲ್ಲ!

ಅಲ್ಲಿಂದ ಪಂಡಿತರಿಗೆ ಸಲೀಸಾಯಿತು. ಹೆಡ್‌ಮಾಸ್ಟರ ಹತ್ತಿರ ಏನೇ ಕೆಲಸವಿದ್ದರೂ ಡಬ್ಬಿ ಕಿರ್ ಅನ್ನುವುದನ್ನು ಕಾಯುತ್ತಿದ್ದರು. “ಸಾರ್, ಮೇಳಿಗೇಲಿ ತಂಗಿ ಮಗಳ ಮದುವೆ. ಶುಕ್ರವಾರ ರಜ ಬೇಕಿತ್ತು.” ಉತ್ತರವಿಲ್ಲ. ಮತ್ತೆ ಕಿರ್ ಅಂದಾಗ, “ಸಾರ್, ಶುಕ್ರವಾರದ ವಿಷಯ ಹೇಳಿದ್ದೆ.” ಉತ್ತರವಿಲ್ಲ. ಮೂರನೇ ಸಲ ಅವರು ಮದುವೆಯ ಅಡಿಗೆ, ಗಂಡಿನ ಕಡೆಯವರ ಗತ್ತು ಎಲ್ಲ ವಿವರಿಸತೊಡಗಿದಾಗ ಡಬ್ಬಿ ಸಿಡಿಯಿತು: “ಕೊಟ್ಟಿದೀನ್ರೀ ರಜ! ಮೊದ್ಲು ಪಾಠ ಮಾಡಿ ಮಾರಾಯ್ರೇ!”

ಪಂಡಿತರು ಮಕ್ಕಳ ಕಡೆ ತಿರುಗಿ, “ಕೇಳಿದ್ರಲ್ಲ? ನಾಳೆ ಇಲ್ಲ ಅಂದ್ರೆ ನೀವೇ ಸಾಕ್ಷಿ” ಅಂದರು.

ಸಾಹೇಬರು ಬಂದ ದಿನ

ಸೆಂಟರು ಕೊಡಬಹುದೋ ಬಾರದೋ ಅಂತ ನೋಡಲು ಇಲಾಖೆಯ ಸಾಹೇಬರು ಬರುವ ದಿನ ಬಂತು. ಶಾಲೆಗೆ ಸುಣ್ಣ ಬಳಿದಿದ್ದೆವು. ಹತ್ತನೇ ಕ್ಲಾಸಿನ ಆ ಹುಡುಗಿ ಬೆಳಿಗ್ಗೆಯೇ ಬಂದು, “ಇವತ್ತು ಸೆಂಟರ್ ಕೊಟ್ರೆ ಅಪ್ಪ ಪರೀಕ್ಷೆ ಬರೆಸ್ತಾರಂತೆ ಟೀಚರ್” ಅಂದಳು. ಕೊಡದಿದ್ದರೆ ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಾಹೇಬರು ಸಣಕಲು ಆಸಾಮಿ, ಬಿಗುವಿನ ಮುಖ. ಟಿಫಿನ್ ಕ್ಯಾರಿಯರನ್ನು ಮನೆಯಿಂದಲೇ ತಂದಿದ್ದರು. “ತನಿಖೆಗೆ ಬಂದಲ್ಲಿ ನಾನು ನೀರೂ ಮುಟ್ಟಲ್ಲ” ಅಂದರು. ನಮ್ಮ ಕಡೆ ಬಂದವರು ಒಂದು ಲೋಟ ಕಾಫಿಯನ್ನೂ ಬೇಡ ಅಂದರೆ ಅರ್ಧ ಜೀವ ಹೋದ ಹಾಗೆ. ಹೆಡ್‌ಮಾಸ್ಟ್ರು ಮಾತ್ರ ಧೈರ್ಯಗೆಡದೆ ನೇರ ಯಂತ್ರದ ಹತ್ತಿರ ಕರೆದುಕೊಂಡು ಹೋದರು. ಯಂತ್ರದ ಯೋಗಕ್ಷೇಮದವಳು ಅಂತ ನಾನೂ ಪಕ್ಕದಲ್ಲಿದ್ದೆ.

“ನೋಡಿ ಸಾರ್, ಒಂದೇ ಗುಂಡಿ. ನಾನಿಲ್ಲಿ ಹೇಳಿದ್ದು ಅಷ್ಟೂ ಕೋಣೆಗೆ ಒಟ್ಟಿಗೆ ಹೋಗುತ್ತೆ. ನಾನು ಕೂತಲ್ಲಿಂದ ಏಳಬೇಕಾಗೇ ಇಲ್ಲ.”

“ಪರೀಕ್ಷೆ ದಿನಾನೂ ಹೋಗುತ್ತಾ?” ಸಾಹೇಬರು ಕೇಳಿದರು.

“ಓಹೋ, ಯಾಕೆ ಹೋಗಲ್ಲ ಸಾರ್! ಸ್ಪಷ್ಟವಾಗಿ ಹೋಗುತ್ತೆ!”

“ಅಂದ್ರೆ ಗಣಿತದ ಉತ್ತರ ಇಲ್ಲಿಂದ ಹೇಳಿದ್ರೂ ಹೋಗುತ್ತೆ.”

“ಹೋಗುತ್ತೆ ಸಾ...” ಅಂದವರು ಬಾಯಿ ತೆರೆದಂತೆಯೇ ನಿಂತುಬಿಟ್ಟರು.

ದೇವರಾಣೆ, ನಮಗೆ ಯಾರಿಗೂ ಇದು ಹೊಳೆದೇ ಇರಲಿಲ್ಲ. ಶಿಸ್ತಿನ ಶಾಲೆ ಅಂತ ತೋರಿಸಲು ತಂದ ಯಂತ್ರ ಕಾಪಿ ಹೊಡೆಸುವುದಕ್ಕೇ ಹೇಳಿ ಮಾಡಿಸಿದ ಹಾಗಿತ್ತು. ಹೆಡ್‌ಮಾಸ್ಟ್ರು ಬೆವೆತುಹೋದರು. ಮಾತು ಮರೆಸಲು, “ಪಾಠ ಹೇಗೆ ನಡೀತಿದೆ ಕೇಳಿ ಸಾರ್” ಅಂತ ಹತ್ತನೇ ಕ್ಲಾಸಿನ ಕೀಲಿ ತಿರುಗಿಸಿಯೇಬಿಟ್ಟರು. ನಾನು ಬೇಡ ಬೇಡ ಅಂತ ಕೈಸನ್ನೆ ಮಾಡುವಷ್ಟರಲ್ಲಿ ಆಗಿಹೋಗಿತ್ತು. ಅಲ್ಲಿದ್ದವರು ಪಂಡಿತರು.

“ನಮಸ್ಕಾರ ಸಾರ್” ಅಂತ ದನಿ ಬಂತು. “ಆ ಸಾಹೇಬ್ರು ಬಂದ್ರಾ? ಹೇಗಾದ್ರೂ ಮಾಡಿ ಅವರನ್ನ ಊಟಕ್ಕೆ ಕೂರಿಸಿಬಿಡಿ. ನಮ್ಮನೇಲಿ ಹೋಳಿಗೆ ಮಾಡಿಸಿದೀನಿ. ನಮ್ಮನೆ ಹೋಳಿಗೆ ತಿಂದು ‘ಆಗಲ್ಲ’ ಅಂದವರು ಇವತ್ತಿನ ತನಕ ಯಾರೂ ಇಲ್ಲ.”

ಹೆಡ್‌ಮಾಸ್ಟ್ರು ಗಾಬರಿಯಲ್ಲಿ ಪಂಡಿತರ ಬಾಯಿ ಮುಚ್ಚಿಸಲು ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿದರು. ಸಾಹೇಬರು ಕೆಂಡಾಮಂಡಲವಾಗಿದ್ದರು. “ಹೋಳಿಗೆ ತಿನ್ನಿಸಿ ಸೆಂಟರ್ ತಗೊಳ್ತೀರಾ? ಕೇಳಿ ಇಲ್ಲಿ. ಈ ಡಬ್ಬಿಗಳು ಗೋಡೆ ಮೇಲಿರೋ ತನಕ ನಿಮ್ಮ ಶಾಲೆಗೆ ಸೆಂಟರ್ ಇಲ್ಲ! ಮುಗೀತು!”

“ಸೆಂಟರ್ ಇಲ್ಲ! ಮುಗೀತು!” ಅಂತ ಅದೇ ಮಾತು ಕಿಟಕಿಯಾಚೆಯಿಂದಲೂ ಕೇಳಿಸಿತು. ನೋಡಿದರೆ ಕೆಂಪು ಗುಂಡಿ ಒತ್ತಿಕೊಂಡಿದೆ. ಇಡೀ ಶಾಲೆಗೆ ಹೋಗಿತ್ತು.

ಆಮೇಲೆ ಬೆಂಚು ಎಳೆಯುವ ಸದ್ದು. ಏನೋ ಹೆಟ್ಟುವ ಸದ್ದು. ಗಾರೆ ದಬದಬ ಉದುರುವ ಸದ್ದು. ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಆ ಹುಡುಗಿ ಓಡಿಬಂದು ಬಾಗಿಲಲ್ಲಿ ನಿಂತಳು. ಎರಡು ಜಡೆಯ ತುಂಬ ಸುಣ್ಣ, ಎರಡೂ ಕೈಯಲ್ಲಿ ಡಬ್ಬಿ, ಹಿಂದೆ ತೂಗಾಡುವ ವಯರು. “ಹತ್ತನೇ ಕ್ಲಾಸಿಂದು ಸಾರ್. ಈಗ ಕೊಡ್ತೀರಾ?” ಅಂದಳು.

ಅವಳ ಹಿಂದೆ ಒಂಬತ್ತನೇ ಕ್ಲಾಸಿನವರು ಬಂದರು. ಕಚ್ಚೆ ಎತ್ತಿ ಕಟ್ಟಿದ ಪಂಡಿತರು ಸ್ಟಾಫ್ ರೂಮಿನ ಡಬ್ಬಿ ಹಿಡಿದು ಬಂದರು. ಹೆಡ್‌ಮಾಸ್ಟ್ರು ಮೈಕು ಹಿಡಿದು, “ಮಕ್ಕಳೇ, ಕೀಳಬೇಡಿ! ಸ್ಕ್ರೂ ಬಿಚ್ಚಿ! ಗೋಡೆ...” ಅಂತ ಕೂಗಿದರು. ಆ ಕೂಗು ಡಬ್ಬಿ ಇನ್ನೂ ಉಳಿದಿದ್ದ ಎಂಟನೇ ಕ್ಲಾಸಿನಲ್ಲಿ ಮಾತ್ರ ಕೇಳಿಸಿತು, ಅದೂ ಅರ್ಧಕ್ಕೇ ನಿಂತಿತು. ಆ ಡಬ್ಬಿಯೂ ಬಂತು.

ಸಾಹೇಬರು ಬಿಗುವಿನಿಂದ ನಿಲ್ಲಲು ತುಂಬ ಪ್ರಯತ್ನಪಟ್ಟರು. ಆಗಲಿಲ್ಲ. ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಕೊಟ್ಟೆ ಕಣಮ್ಮ” ಅಂದರು ಆ ಹುಡುಗಿಗೆ. ಅವಳು ಅಲ್ಲೇ ಡಬ್ಬಿ ತಬ್ಬಿಕೊಂಡು ಅತ್ತಳು. ನಾನೂ ಸೆರಗು ಕಣ್ಣಿಗೊತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆ ಮಾರ್ಚಿನಲ್ಲಿ ಅವಳು ನಮ್ಮ ಶಾಲೆಯಲ್ಲೇ ಕೂತು ಪರೀಕ್ಷೆ ಬರೆದಳು, ಒಳ್ಳೆಯ ಮಾರ್ಕಿನಲ್ಲಿ ಪಾಸಾದಳು. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಯಾಕೆಂದರೆ ನೆನೆದಾಗಲೆಲ್ಲ ನನಗೆ ನಗು ತಡೆಯಲಾಗದ್ದು ಆಮೇಲಿನ ಮಾತಿಗೆ.

ಸಾಹೇಬರು ಕಣ್ಣೊರೆಸಿಕೊಂಡು, ಡಬ್ಬಿಗಳ ರಾಶಿಯನ್ನು ನೋಡುತ್ತಾ, “ಹೆಡ್‌ಮಾಸ್ಟ್ರೇ, ಏನೇ ಹೇಳಿ, ನಿಮ್ಮ ಯಂತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಹೇಳಿದ ತಕ್ಷಣ ಇಡೀ ಶಾಲೆ ಹೀಗೆ ಪಾಲಿಸಿದ್ದನ್ನ ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ” ಅಂದರು.

ಹೆಡ್‌ಮಾಸ್ಟ್ರು ನಿಟ್ಟುಸಿರು ಬಿಟ್ಟು ಹೇಳಿದರು: “ನಾನೂ ಇವತ್ತೇ ನೋಡಿದ್ದು ಸಾರ್.”