ಗೌಡಪ್ಪನ ಸಮುದ್ರಯಾನ

ಮನುಷ್ಯ ಯಾವುದಕ್ಕೆ ಹೆಸರುವಾಸಿಯಾಗುತ್ತಾನೆ ಎಂಬುದು ಅವನ ಕೈಯಲ್ಲಿಲ್ಲ. ನಾನು ಗಣಿತದ ಮಾಸ್ತರ. ವಿಜಾಪುರದ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದ್ದೇನೆ, ಇಥಿಯೋಪಿಯಾ ದೇಶದ ಒಂದು ಗುಡ್ಡದ ಊರಿನಲ್ಲಿ ಬೀಜಗಣಿತ ಕಲಿಸಿದ್ದೇನೆ, ಎರಡೂ ಕಡೆ ಹುಡುಗರು ಪಾಸಾಗಿದ್ದಾರೆ. ಟಿಕೋಟಾದ ನಮ್ಮ ಕೇರಿಯಿಂದ ಸಮುದ್ರ ದಾಟಿ ನೌಕರಿಗೆ ಹೋದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಕೇಳುವವರು ಸಿಕ್ಕರೆ ಸಾಕು. ಆದರೆ ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗುರುತು ಹಿಡಿದು ಹತ್ತಿರ ಬಂದರೆ, ನಮಸ್ಕಾರ ಮುಗಿಯುವ ಮೊದಲೇ ಅವರು ಕೇಳುವುದು ಒಂದೇ ಮಾತು, "ಹಡಗದಾಗ ಬೆಕ್ಕು ಒಯ್ದಾವ್ರು ನೀವೇ ಏನ್ರಿ?" ಹೌದು, ನಾನೇ. ಆ ಸಂಗತಿ ಹೇಗಾಯಿತೆಂದು ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ.

ಬೆಕ್ಕುಗಳು ಎರಡು. ಹಿರಿಯದು ಗೌಡಪ್ಪ, ಹಳದಿ ಪಟ್ಟೆಯ ಗಂಡು. ಯಾರು ಕರೆದರೂ ಏಳುತ್ತಿರಲಿಲ್ಲ, ಕೂತಲ್ಲಿಗೇ ಎಲ್ಲ ಬರಬೇಕು, ಹಾಲು ತಡವಾದರೆ ಬಾಕಿ ವಸೂಲಿಗೆ ಬಂದವನ ಹಾಗೆ ನನ್ನನ್ನೇ ದಿಟ್ಟಿಸುತ್ತಿದ್ದ. ಆ ಠೀವಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. ಕಿರಿಯದು ಚಿಮಣಿ, ದೀಪದ ಮಸಿಯಷ್ಟು ಕಪ್ಪಗಿನ ಹೆಣ್ಣು ಬೆಕ್ಕು, ಮೈಯೆಲ್ಲ ಕಿವಿ. ಇವೆರಡೂ ನನ್ನ ಹೆಂಡತಿ ಕಮಲಾಳವು. ನಮ್ಮ ಮದುವೆಯಾದ ಕೆಲವು ವರ್ಷಕ್ಕೆ ಒಂದು ಹೆಣ್ಣು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಕಮಲಾ ಅಳಲಿಲ್ಲ, ಮಾತಾಡಲೂ ಇಲ್ಲ. ಗುಮ್ಮಟದ ಹಿಂದಿನ ಓಣಿಯ ನಮ್ಮ ಬಾಡಿಗೆ ಮನೆಯಲ್ಲಿ ಒಲೆಯ ಮುಂದೆ ಸುಮ್ಮನೆ ಕೂಡುತ್ತಿದ್ದಳು. ಆ ಚಳಿಗಾಲದಲ್ಲಿ ಎಲ್ಲಿಂದಲೋ ಬಂದ ಗೌಡಪ್ಪ ಯಾರನ್ನೂ ಕೇಳದೆ ಆಕೆಯ ತೊಡೆಯ ಮೇಲೆ ಹತ್ತಿ ಮಲಗಿದ. ಎಷ್ಟೋ ದಿನಗಳ ಮೇಲೆ ಆಕೆ ಆಡಿದ ಮೊದಲ ಮಾತು ಬೆಕ್ಕಿಗೆ ಬೈದದ್ದು. ಆಗಿನಿಂದ ಆ ಮನೆಯಲ್ಲಿ ಅವನ ಸ್ಥಾನ ನನ್ನದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಇತ್ತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಇಥಿಯೋಪಿಯಾ ಸರಕಾರದವರು ನಮ್ಮ ಕಡೆಯ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದರು. ನಾನೂ ಮುಂಬೈಗೆ ಹೋಗಿ ಸಂದರ್ಶನ ಕೊಟ್ಟೆ, ಆರಿಸಿ ಬಂದೆ. ಊರೆಲ್ಲ ಸುದ್ದಿಯಾಯಿತು. ಸ್ಟಾಫ್ ರೂಮಿನಲ್ಲಿ ನಾನು ಭೂಪಟ ಬಿಡಿಸಿ, ಕೆಂಪು ಸಮುದ್ರವನ್ನು ಬೆರಳಿನಿಂದ ದಾಟಿ ತೋರಿಸುತ್ತಿದ್ದೆ. ಭೂಗೋಳದ ಮಾಸ್ತರರಿಗೂ ನಾನೇ ತೋರಿಸಿದೆ. ಅವರು ಸ್ವಲ್ಪ ಮುನಿಸಿಕೊಂಡರು. ಎಲ್ಲ ತಯಾರಿಯೂ ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಟ್ರಂಕು, ಹಾಸಿಗೆ, ಉಪ್ಪಿನಕಾಯಿ, ಶೇಂಗಾದ ಚಟ್ನಿ ಹಿಂಡಿ, ಕಮಲಾ. ಈ ಸಾಲನ್ನು ಆಕೆಗೆ ಹೇಳಿದಾಗ ಆಕೆ ಪೂರ್ತಿ ಕೇಳಿ, "ಮತ್ತ ಇವು?" ಎಂದು ಬೆಕ್ಕುಗಳ ಕಡೆ ನೋಡಿದಳು. ನಾನು ನಕ್ಕೆ. ಆಕೆ ನಗಲಿಲ್ಲ. ದೂರದ ದೇಶವೆಂದು ಆಕೆಗೆ ಅಂಜಿಕೆಯಿರಲಿಲ್ಲ, ಗುಡ್ಡವಿರಲಿ ಬಯಲಿರಲಿ ಬರಲು ಸಿದ್ಧಳಿದ್ದಳು. ಬೆಕ್ಕು ಬಿಟ್ಟು ಮಾತ್ರ ಬರುವುದಿಲ್ಲವೆಂದು ಅಕ್ಕಿ ಆರಿಸುತ್ತಲೇ ಹೇಳಿದಳು.

ಗಂಡಸರಿಗೆ ಇಂಥ ವೇಳೆಯಲ್ಲಿ ಒಂದು ಉಪಾಯ ತಾನಾಗಿ ಹೊಳೆಯುತ್ತದೆ, ಅದೇ ಹೆಂಡತಿಯ ತವರುಮನೆ. ಬೆಕ್ಕು ಮನೆಗೆ ಹೊಂದುತ್ತದೆ, ಮನುಷ್ಯರಿಗಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನು ಸಿದ್ಧಾಂತವೆಂದೇ ನಂಬಿದ್ದೆ. ಬಬಲೇಶ್ವರದಲ್ಲಿ ನಮ್ಮ ಅತ್ತೆಯವರ ಮನೆ ದೊಡ್ಡದು, ಹಿತ್ತಿಲಲ್ಲಿ ಎಮ್ಮೆ, ಒಳಗೆ ಜೋಳದ ಚೀಲಗಳು, ಇಲಿಗಳಿಗೂ ಬರವಿಲ್ಲ. ಬೆಕ್ಕಾಗಿ ಹುಟ್ಟಿದವರಿಗೆ ಇನ್ನೇನು ಬೇಕು ಎಂದು ಕಮಲಾಳಿಗೆ ಹೇಳಿ, ಪರೀಕ್ಷೆಗೆಂದು ಅವನ್ನು ಅಲ್ಲಿಟ್ಟು ಬಂದೆ. ಸಂತೆಯ ದಿನವಾದ್ದರಿಂದ ಬಸ್ಸಿನಲ್ಲಿ ಕೋಳಿ, ಕುರಿಮರಿ, ಉಳ್ಳಾಗಡ್ಡಿ ಎಲ್ಲವೂ ಇದ್ದವು, ನನ್ನ ಚೀಲದೊಳಗಿನ ಗೌಡಪ್ಪ ಮಾತ್ರ ಊರಿಗೆಲ್ಲ ಕೇಳುವ ಹಾಗೆ ತನ್ನ ಅಭಿಪ್ರಾಯ ತಿಳಿಸುತ್ತ ಬಂದ. ವಾಪಸು ಬರುವಾಗ ನನಗೆ ಬಹಳ ಹಗುರೆನಿಸಿತು. ಹಗುರೆನಿಸಿದ್ದು ನನಗೊಬ್ಬನಿಗೇ ಎಂದು ಆ ರಾತ್ರಿಯ ಸಾರಿನಲ್ಲಿ ಉಪ್ಪಿಲ್ಲದಾಗ ತಿಳಿಯಿತು.

ಒಂದು ವಾರವಾಗಿರಬೇಕು, ಅತ್ತೆಯವರೇ ಬಸ್ಸಿಳಿದು ಬಂದರು, ಕಂಕುಳಲ್ಲಿ ಬುಟ್ಟಿ. ಬೆಕ್ಕುಗಳು ಅಲ್ಲಿ ಒಂದು ತುತ್ತೂ ಸರಿಯಾಗಿ ಮುಟ್ಟದೆ, ಚೀಲಗಳ ಸಂದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದವಂತೆ. ನಾನು ಜಾಣತನದಿಂದ, ಹೊಸ ಮನೆ, ನಾಲ್ಕು ದಿನ ಹಾಗೇ ಇರುತ್ತವೆ, ಆಮೇಲೆ ಹೊಂದಿಕೊಳ್ಳುತ್ತವೆ ಎಂದೆ. ಅತ್ತೆಯವರು ಚಹಾದ ಬಟ್ಟಲು ಕೆಳಗಿಟ್ಟು ನಿಧಾನವಾಗಿ ಹೇಳಿದರು, "ಅಳಿಯಂದ್ರ, ನನ್ನ ಮಗಳೂ ಹೊಸದಾಗಿ ನಿಮ್ಮನಿಗೆ ಬಂದಾಗ ಹಿಂಗ ಗ್ವಾಡಿಗೆ ಮಾರಿ ಮಾಡಿ ಕುಂತಿದ್ದಳು. ಆಕಿ ಹೊಂದಿದ್ದು ಮನಿಗೇನ್ರಿ? ನಿಮ್ಮನ್ನ ನೋಡಿ ಹೊಂದಿದಳು. ಇವೂ ಆಕಿನ್ನ ನೋಡಿ ಹೊಂದ್ಯಾವ. ಆಕಿ ಎಲ್ಲಿ ಇರ್ತಾಳ ಅಲ್ಲೇ ಇವು." ಒಳಗೆ ಗೌಡಪ್ಪ ಆಗಲೇ ಕಮಲಾಳ ತೊಡೆಯೇರಿದ್ದ. ಆಕೆ ಅವನಿಗೆ ಬೈಯುತ್ತಿದ್ದಳು.

ಹೊರಡುವ ಮುನ್ನ ಅಪ್ಪನಿಗೆ ಹೇಳಿ ಬರಲು ಟಿಕೋಟಾಕ್ಕೆ ಹೋದೆವು, ಬೆಕ್ಕುಗಳನ್ನೂ ಕರೆದುಕೊಂಡು. ನಮ್ಮಪ್ಪ ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ದುಡಿದವನು. ಕೆಲವು ವರ್ಷಗಳ ಹಿಂದೆ ಬೌದ್ಧ ಧಮ್ಮ ತೆಗೆದುಕೊಂಡು, ಪಡಸಾಲೆಯಲ್ಲಿ ಬುದ್ಧನ ಪಟ ತೂಗುಹಾಕಿ, ನೆಟ್ಟಗೆ ಬೆನ್ನು ಮಾಡಿ ಕೂಡುವುದನ್ನು ಕಲಿತಿದ್ದ. ಆದರೂ ಊರ ಗೌಡರು ಎದುರು ಬಂದರೆ ಅವನ ಕೈ ತಾನಾಗಿ ರುಮಾಲಿಗೆ ಹೋಗುತ್ತಿತ್ತು; ಹಳೆಯ ರೂಢಿ. ಅಂಥ ಅಪ್ಪನಿಗೆ ನಮ್ಮ ಬೆಕ್ಕಿನ ಹೆಸರು ಮೊದಲ ಸಲ ಹೇಳಿದಾಗ ಅವನು ಎದ್ದು ಹೋಗಿ ಓಣಿಯ ಎರಡೂ ಕಡೆ ನೋಡಿ ಬಂದ. ಆಮೇಲೆ ಕಂಬಕ್ಕೊರಗಿ ಕೂತು, "ಏ ಗೌಡಪ್ಪಾ, ಅತ್ತಾಗ ಸರದು ಕೂಡಲೇ" ಎಂದ. ಗೌಡಪ್ಪ ಸರಿಯಲಿಲ್ಲ. ಅಪ್ಪನೇ ಸರಿದ. ಆದರೆ ಆ ಸಂಜೆಯೆಲ್ಲ ಅವನು ಆ ಬೆಕ್ಕಿಗೆ ಏಕವಚನದಲ್ಲಿ ಏನೇನೋ ಆಜ್ಞೆ ಕೊಡುತ್ತ, ಒಂದೂ ನಡೆಯದಿದ್ದರೂ ಬಹಳ ಸಂತೋಷದಲ್ಲಿದ್ದ.

ಅಪ್ಪನಾದರೂ ನನ್ನ ಪಕ್ಷ ಹಿಡಿಯುತ್ತಾನೆಂದು ನನ್ನ ಭರವಸೆ. ಬೆಕ್ಕು ಕಟ್ಟಿಕೊಂಡು ಹಡಗು ಹತ್ತಿದರೆ ಮಂದಿ ನಗುವುದಿಲ್ಲವೇ, ಕೇರಿಯಿಂದ ಮೊದಲ ಸಲ ಒಬ್ಬ ಹೋಗುವಾಗ ಗಂಭೀರವಾಗಿ ಹೋಗಬಾರದೇ ಎಂದು ಅವನ ಮುಂದೆ ಕೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. "ತಮ್ಮಾ, ನಿನ್ನ ಸಾಲಿಗೆ ಕಳಿಸಿದಾಗೂ ಮಂದಿ ನಕ್ಕಿದ್ರು. ಆವಾಗ ನಾ ಅವರ ಮಾರಿ ನೋಡಿದ್ದರ ನೀ ಇವತ್ತ ದನ ಕಾಯ್ತಿದ್ದಿ. ಆಕಿಗೆ ಬೇಕಾಗ್ಯಾವಂದ್ರ ಒಯ್ಯಿ." ಅಷ್ಟು ಹೇಳಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ನಾನು ಅಲ್ಲಿಂದ ಏಳುವಾಗ ಬೆಕ್ಕು ಒಯ್ಯುವುದು ನನ್ನದೇ ನಿರ್ಧಾರವೆಂಬ ಧೈರ್ಯ ಬಂದಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ ಹಾಗೆಯೇ ಘೋಷಿಸಿದೆ.

ಪರದೇಶಕ್ಕೆ ಹೋಗುವ ಪ್ರಾಣಿಗೆ ರೋಗವಿಲ್ಲವೆಂದು ಡಾಕ್ಟರರ ಸರ್ಟಿಫಿಕೇಟು ಬೇಕೆಂದು ಗೊತ್ತಾಯಿತು. ದನದ ದವಾಖಾನೆಯಲ್ಲಿ ಎತ್ತು ಎಮ್ಮೆಗಳ ಸಾಲಿನ ಹಿಂದೆ ನಾವು ಬುಟ್ಟಿ ಹಿಡಿದು ನಿಂತೆವು. ಡಾಕ್ಟರರು ಬುಟ್ಟಿಯ ಮುಚ್ಚಳ ತೆಗೆದು, ನನ್ನ ಮುಖ ನೋಡಿ, ಮತ್ತೆ ಬುಟ್ಟಿ ನೋಡಿದರು. ತಮ್ಮ ನೌಕರಿಯಲ್ಲೇ ಬೆಕ್ಕು ತೋರಿಸಲು ಬಂದವರಲ್ಲಿ ನಾವೇ ಮೊದಲಿಗರಂತೆ. ಇದರಲ್ಲೂ ಮೊದಲಿಗನಾದೆನಲ್ಲ ಎಂದು ನನಗೆ ಖುಷಿಯಾಯಿತು. ಅವರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವ ಹಾಗೆ ಗೌಡಪ್ಪನ ಬಾಯಿ ಅಗಲಿಸಲು ಹೋದರು. ಅವನು ಅವರ ಹೆಬ್ಬೆರಳು ಹಿಡಿದ. ಅದನ್ನು ಬಿಡಿಸಿಕೊಂಡ ಮೇಲೆ ಡಾಕ್ಟರರು ಹೆಚ್ಚಿಗೆ ಪರೀಕ್ಷೆ ಮಾಡಲಿಲ್ಲ, ಆರೋಗ್ಯ ಉತ್ತಮವಾಗಿದೆ ಎಂದು ಬರೆದು, ಚಿಮಣಿಯನ್ನು ಮುಟ್ಟದೆಯೇ ಅದಕ್ಕೂ ಹಾಗೆಯೇ ಬರೆದುಕೊಟ್ಟರು.

ವಿಜಾಪುರದಿಂದ ಸೊಲ್ಲಾಪುರ, ಅಲ್ಲಿ ಗಾಡಿ ಬದಲಿಸಿ ಮುಂಬೈ. ದಾರಿಯುದ್ದಕ್ಕೂ ನಾನು ಒಂದು ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಹಡಗಿನವರು ತಕರಾರು ಮಾಡಿದರೆ ಇರಲಿ ಎಂದು. ಅದರಲ್ಲಿ ಪ್ರಾಣಿದಯೆ, ಎರಡು ದೇಶಗಳ ಸ್ನೇಹ, ಶಿಕ್ಷಣದ ಮಹತ್ವ ಎಲ್ಲವೂ ಬರುತ್ತಿದ್ದವು. ಬಂದರಿನಲ್ಲಿ ಹಡಗಿನ ಏಣಿಯ ಕೆಳಗೆ ಒಬ್ಬ ತರುಣ ಅಧಿಕಾರಿ ಬುಟ್ಟಿ ನೋಡಿ ಇದೇನೆಂದ. ನಾನು ಭಾಷಣ ಶುರು ಮಾಡಿದೆ. ಅವನು ಪ್ರಾಣಿದಯೆಯವರೆಗೆ ಕೇಳಿ, ಪ್ರಯಾಣಿಕರ ಜೊತೆ ಪ್ರಾಣಿ ಹತ್ತಿಸುವ ಹಾಗಿಲ್ಲ, ಇಲ್ಲೇ ಬಿಟ್ಟು ಹತ್ತಿ ಎಂದು ಮುಂದಿನವರನ್ನು ಕರೆದ. ಎರಡು ದೇಶಗಳ ಸ್ನೇಹ ನನ್ನ ಬಾಯಲ್ಲೇ ಉಳಿಯಿತು. ಏನಂದ ಎಂದು ಕಮಲಾ ಕೇಳಿದಳು. ಹೇಳಿದೆ.

ಆಕೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಟ್ರಂಕಿನ ಮೇಲೆ ಕೂತಳು. "ನೀವು ಹೋಗ್ರಿ. ನಿಮ್ಮ ನೌಕರಿ ದೊಡ್ಡದು, ನಾ ಏನೂ ಅನ್ನಂಗಿಲ್ಲ. ಇವುಗಳನ್ನ ಕರಕೊಂಡು ನಾ ಹೊಳ್ಳಿ ಹೋಗ್ತೇನಿ." ಅದರಲ್ಲಿ ಸಿಟ್ಟಿರಲಿಲ್ಲ, ಕಣ್ಣೀರೂ ಇರಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತ ಆ ಚಳಿಗಾಲದ ಮುಖ ನನಗೆ ಕಂಡಿತು, ಅದೊಂದೇ ನನಗೆ ಭಯ ಹುಟ್ಟಿಸಿದ್ದು. ನೌಕರಿ, ಕೇರಿಯವರು ಹಾಕಿದ ಹಾರ, ಭೂಗೋಳದ ಮಾಸ್ತರರು, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋದವು. ನಾನೂ ಹೋಗಿ ಅದೇ ಟ್ರಂಕಿನ ಮೇಲೆ ಆಕೆಯ ಪಕ್ಕ ಕೂತೆ. ಇದು ಯಾವ ಸಿದ್ಧಾಂತದ ಮೇಲೆ ಮಾಡಿದ ಕೆಲಸವಲ್ಲ, ಕಾಲು ತಾನಾಗಿ ಮಡಚಿಕೊಂಡಿತು. ಆಕೆ ನನ್ನನ್ನು ನೋಡಲಿಲ್ಲ, ಕೂಡಲು ಸ್ವಲ್ಪ ಜಾಗ ಮಾಡಿಕೊಟ್ಟಳು.

ನಮ್ಮ ಟ್ರಂಕು ಏಣಿಗೆ ಸರಿಯಾಗಿ ಅಡ್ಡವಿತ್ತು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ. ಹಿಂದಿನ ಮಂದಿ ಗದ್ದಲ ಮಾಡತೊಡಗಿದರು. ತರುಣ ಅಧಿಕಾರಿ ಮೇಲೆ ಹೋಗಿ, ಹಡಗಿನ ಉಗ್ರಾಣ ನೋಡಿಕೊಳ್ಳುವ ಹಿರಿಯರೊಬ್ಬರನ್ನು ಕರೆತಂದ. ಅವರು ರತ್ನಾಗಿರಿ ಕಡೆಯವರು, ಬಿಳಿ ಮೀಸೆ. ಕಮಲಾಳಿಗೆ ಸೊಲ್ಲಾಪುರದ ಚಿಕ್ಕಮ್ಮನ ಮನೆಯಿಂದಾಗಿ ಮರಾಠಿ ಬರುತ್ತಿತ್ತು, ನನಗೂ ಅಷ್ಟಿಷ್ಟು. ಅವರು ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಇವು ಇಲಿ ಹಿಡಿಯುತ್ತವೆಯೇ? ಕಮಲಾ ನನ್ನ ಮುಖ ನೋಡಿದಳು, ಏಕೆಂದರೆ ಆಕೆ ಸುಳ್ಳು ಹೇಳುವವಳಲ್ಲ. ನಾನು ಎದ್ದು ನಿಂತು, ನಮ್ಮ ಮನೆಯಲ್ಲಿ ಒಂದೇ ಒಂದು ಇಲಿಯಿಲ್ಲ ಎಂದೆ. ಇದು ನೂರಕ್ಕೆ ನೂರು ನಿಜ. ಕಾಳೆಲ್ಲ ಕಮಲಾ ಬಿಗಿ ಮುಚ್ಚಳದ ತಗಡಿನ ಡಬ್ಬಿಗಳಲ್ಲಿಡುತ್ತಿದ್ದುದರಿಂದ ಯಾವ ಇಲಿಯೂ ನಮ್ಮಲ್ಲಿ ಎರಡನೇ ದಿನ ನಿಲ್ಲುತ್ತಿರಲಿಲ್ಲ. ಗೌಡಪ್ಪ ಹಾಲು ತುಂಬಿದ ಬಟ್ಟಲಲ್ಲದೆ ಬೇರೆ ಬೇಟೆಯಾಡಿದ್ದನ್ನು ನಾನು ಕಂಡಿಲ್ಲ. ಅಷ್ಟು ವಿವರ ಅವರು ಕೇಳಲಿಲ್ಲ. ಉಗ್ರಾಣದಲ್ಲಿ ಹಿಟ್ಟಿನ ಚೀಲಗಳನ್ನು ಇಲಿಗಳು ತೂತು ಮಾಡುತ್ತಿವೆಯೆಂದು ಹೇಳಿ ಬುಟ್ಟಿ ಎತ್ತಿಕೊಂಡರು. ಹೀಗೆ ನಾವು ಟಿಕೀಟು ತೆಗೆದು ಹೋದೆವು, ಬೆಕ್ಕುಗಳು ನೌಕರಿಯ ಮೇಲೆ ಹೋದವು.

ಹಡಗು ಹೊರಟ ದಿನದಿಂದ ನಾನು ಹಾಸಿಗೆ ಹಿಡಿದೆ. ಸಮುದ್ರದ ಬಗ್ಗೆ ನಾನು ಭೂಪಟದಲ್ಲಿ ಕಲಿತಿದ್ದು ಅದು ಸಪಾಟಾಗಿದೆ ಎಂದು. ಕಮಲಾ ಮಾತ್ರ ಗಟ್ಟಿಯಾಗಿ ಓಡಾಡುತ್ತ, ಉಗ್ರಾಣದ ಸುದ್ದಿ ತಂದು ಹೇಳುತ್ತಿದ್ದಳು. ಏಡನ್ ಬರುವ ಮೊದಲು ಚಿಮಣಿ ಒಂದು ದೊಡ್ಡ ಇಲಿ ಹಿಡಿದಳಂತೆ. ಹಿಡಿದು ಕೆಳಗಿಟ್ಟು ನೀರು ಕುಡಿಯಲು ಹೋದಾಗ ಗೌಡಪ್ಪ ಚೀಲದಿಂದಿಳಿದು ಬಂದು ಅದರ ಪಕ್ಕ ಗಂಭೀರವಾಗಿ ಕೂತನಂತೆ. ಬಿಳಿಮೀಸೆಯವರು ಬಂದು ನೋಡಿದ್ದು ಆಗಲೇ. ಮುಂದೆ ಪ್ರಯಾಣ ಮುಗಿಯುವವರೆಗೆ ಗೌಡಪ್ಪನಿಗೆ ದಿನಾ ಮೀನು. ನಾವು ಇಳಿಯಬೇಕಾದ ಮಸಾವಾ ಬಂದರಿನಲ್ಲಿ ಅವರು ಅವನನ್ನು ಹಡಗಿನಲ್ಲೇ ಇಟ್ಟುಕೊಳ್ಳುತ್ತೇನೆ, ಕೊಡಿ ಎಂದು ಕೇಳಿದರು. ಕಮಲಾ ಕೈ ಮುಗಿದು, ಬೇಡವೆಂದು ಬುಟ್ಟಿ ಇಸಿದುಕೊಂಡಳು.

ಗುಡ್ಡದ ಮೇಲಿನ ಆ ಊರು ತಣ್ಣಗಿತ್ತು, ಮಂದಿ ಒಳ್ಳೆಯವರು, ಶಾಲೆಯೂ ಚೆನ್ನಾಗಿತ್ತು. ಅಲ್ಲಿಯವರ ಊಟ ಇಂಜೆರಾ, ಹುಳಿ ಬರಿಸಿದ ಹಿಟ್ಟಿನಿಂದ ಮಾಡಿದ, ದೊಡ್ಡ ದೋಸೆಯಂಥ ಮೆತ್ತನೆಯ ರೊಟ್ಟಿ. ಮೊದಲ ದಿನವೇ ಪಕ್ಕದ ಮನೆಯ ಅಲ್ಮಾಜ್ ಎಂಬ ಹೆಣ್ಣುಮಗಳು ಒಂದು ತಟ್ಟೆ ತಂದುಕೊಟ್ಟಳು. ಗೌಡಪ್ಪ ಮೂಸಿ ನೋಡಿ ತಿಂದ, ಚಿಮಣಿ ಮೂಸದೆಯೇ ತಿಂದಳು, ಕಮಲಾ ತಿಂದು ಹೇಗೆ ಮಾಡುವುದೆಂದು ಕೈಸನ್ನೆಯಲ್ಲಿ ಕೇಳಿದಳು. ನಾನು ಶೇಂಗಾ ಹಿಂಡಿ ಖಾಲಿಯಾಗುವವರೆಗೆ ಬ್ರೆಡ್ಡಿನ ಮೇಲೆ ಬದುಕಿದೆ. ಅಲ್ಲಿಯ ಭಾಷೆಯನ್ನು ನಾನು ವ್ಯಾಕರಣದ ಪುಸ್ತಕ ತರಿಸಿ, ಅಕ್ಷರದಿಂದ ಕ್ರಮವಾಗಿ ಕಲಿಯತೊಡಗಿದೆ. ಕಮಲಾ ಬೇಲಿಯ ಹತ್ತಿರ ನಿಂತು ಅಲ್ಮಾಜಳಿಂದ ಕಲಿತಳು. ನಾನು ಅಕ್ಷರಮಾಲೆ ಮುಗಿಸುವಷ್ಟರಲ್ಲಿ ಅವರಿಬ್ಬರೂ ಓಣಿಯವರ ಬಗ್ಗೆ ಮಾತಾಡಿಕೊಂಡು ನಗುವ ಮಟ್ಟಕ್ಕೆ ಬಂದಿದ್ದರು.

ವರ್ಷ ತಿರುಗುವಷ್ಟರಲ್ಲಿ ಚಿಮಣಿ ಮರಿ ಹಾಕಿದಳು. ಗೌಡಪ್ಪ ಓಣಿಯ ಬೆಕ್ಕುಗಳನ್ನೆಲ್ಲ ಒಂದು ಹದಕ್ಕೆ ತಂದಿದ್ದ. ಕಮಲಾ ಮೈಕೈ ತುಂಬಿಕೊಂಡು, ಅಲ್ಲಿಯವರ ಹಾಗೆ ಬಿಳಿ ಶಾಲು ಹೊದ್ದು ಪೇಟೆಗೆ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದಳು. ನನಗೆ ಮಾತ್ರ ಸಂಜೆಯಾದರೆ ವಿಜಾಪುರದ ಬಿಸಿಲು, ಖಡಕ್ ರೊಟ್ಟಿ, ಸ್ಟಾಫ್ ರೂಮಿನ ಗದ್ದಲ ನೆನಪಾಗಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಮಾತಿಲ್ಲದೆ ಕೂಡುತ್ತಿದ್ದೆ. ಒಂದು ಸಂಜೆ ಅಲ್ಮಾಜ್ ಬೇಲಿಯಾಚೆಯಿಂದ ಕಮಲಾಳನ್ನು ಏನೋ ಕೇಳಿದಳು. ಬೆಕ್ಕುಗಳ ಕಡೆ ಬೆರಳು ಮಾಡಿದಳು, ತಾಯ್ನಾಡಿನಿಂದ ಅಷ್ಟು ದೂರ ತರುವಾಗ ಬಹಳ ಕಷ್ಟವಾಯಿತೇ ಎಂದು ಕೇಳಿದ ಹಾಗಿತ್ತು. ಕಮಲಾ ಗೌಡಪ್ಪನನ್ನು ನೋಡಿ ಇಲ್ಲವೆಂದು ತಲೆಯಾಡಿಸಿದಳು, ಚಿಮಣಿಯನ್ನು ನೋಡಿ ಮತ್ತೆ ಹಾಗೆಯೇ ತಲೆಯಾಡಿಸಿದಳು. ಆಮೇಲೆ ಒಂದು ಸಣ್ಣ ವಾಕ್ಯ ಹೇಳಿದಳು. ಇಬ್ಬರೂ ತಿರುಗಿ ನನ್ನ ಕುರ್ಚಿಯ ಕಡೆ ನೋಡಿ, ಬಾಯಿಗೆ ಶಾಲು ಹಿಡಿದು ನಕ್ಕರು. ನನ್ನ ವ್ಯಾಕರಣ ಇನ್ನೂ ಕ್ರಿಯಾಪದದವರೆಗೆ ಬಂದಿರಲಿಲ್ಲ. ಆದರೂ ಅರ್ಥವಾಯಿತು.