ಫ್ರಾಂಕ್‌ಫರ್ಟಿನಿಂದ ಲಿಸ್ಬನ್ನಿಗೆ ಎರಡೂಕಾಲು ಗಂಟೆ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ವಿಮಾನದಲ್ಲಿ ನಾನೇ ಕೂತಿದ್ದರೆ ಗಗನಸಖಿಯ ಮುಖ ನೋಡಿಕೊಂಡು ಹೇಗೋ ಕಾಲ ತಳ್ಳುತ್ತೇನೆ. ಅವಳು ನಗುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಆದರೆ ಹೆಂಡತಿ ವಿಮಾನದಲ್ಲಿ, ನಾನು ಯೋಕೋಹಾಮಾದ ಅಡುಗೆಮನೆಯಲ್ಲಿ ಇದ್ದರೆ ಯಾರ ಮುಖ ನೋಡಬೇಕು ಹೇಳಿ? ಕುಕ್ಕರಿನದೇ?

ನನ್ನ ಹೆಂಡತಿ ಸುಮಾ ಕಾರಿನ ಬ್ರೇಕು ಪರೀಕ್ಷಿಸುವ ಇಂಜಿನಿಯರ್. ಕಂಪನಿ ಕೆಲಸಕ್ಕೆಂದು ಯೂರೋಪಿಗೆ ಹೋದವಳು ಮೊನ್ನೆ ಸಂಜೆ ಫ್ರಾಂಕ್‌ಫರ್ಟಿನಿಂದ, "ಬಾಗಿಲು ಹಾಕಿದ್ರು, ಹೊರಟ್ವಿ. ಲಿಸ್ಬನ್ನಲ್ಲಿ ಇಳಿದು ಮೆಸೇಜ್ ಮಾಡ್ತೀನಿ" ಎಂದು ಬರೆದಳು. ನಾನು ತೆಪ್ಪಗಿರಬೇಕಿತ್ತು. ಎರಡು ಊರಿನ ಹೆಸರು ಕೊಟ್ಟರೆ ವಿಮಾನದ ದೂರ, ಹಿಡಿಯುವ ಹೊತ್ತು ಹೇಳುವ ವೆಬ್‌ಸೈಟೊಂದನ್ನು ತೆರೆದೆ. ಎರಡೂಕಾಲು ಗಂಟೆ ಎಂದಿತು. ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದು, ದೂರವನ್ನು ವೇಗದಿಂದ ಭಾಗಿಸಿದ ಬರೀ ಲೆಕ್ಕ ಎಂದು ತಿಳಿದದ್ದು ಆಮೇಲೆ. ಇಷ್ಟು ವರ್ಷ ಜಪಾನಿನಲ್ಲಿದ್ದವನಿಗೆ ಅಂಥ ಅನುಮಾನವೇ ಬರುವುದಿಲ್ಲ. ಇಲ್ಲಿ ರೈಲು ಒಂದೆರಡು ನಿಮಿಷ ತಡವಾದರೂ ಮೈಕಿನಲ್ಲಿ ಕ್ಷಮೆ ಕೇಳುತ್ತಾರೆ. ಹಿಂದೆ ಬೆಂಗಳೂರಿನಲ್ಲಿ ಕಡಲೆಕಾಯಿ ತಿನ್ನುತ್ತಾ ಗಂಟೆಗಟ್ಟಲೆ ಬಸ್ಸಿಗೆ ಕಾಯುತ್ತಿದ್ದವನು ನಾನೇ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಎರಡೂಕಾಲು ಗಂಟೆ ಆಯಿತು. ಮೆಸೇಜ್ ಇಲ್ಲ. ಇನ್ನಷ್ಟು ಹೊತ್ತು ಕಳೆಯಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಒಲೆಯ ಮೇಲಿನ ಸಾರು ಸೀದುಹೋಯಿತು. ಸುದ್ದಿ ನೋಡೋಣವೆಂದರೆ ಧೈರ್ಯ ಸಾಲದು. "ಪಪ್ಪಾ, ಡೈಜೋಬು, ಏನೂ ಆಗಲ್ಲ. ಜಸ್ಟ್ ಲೇಟ್ ಅಷ್ಟೇ" ಎಂದಳು ಮಗಳು ಅನ್ವಿ. "ಲೇಟಾಗಿ ಎಲ್ಲಿ ನಿಂತಿರತ್ತೆ ಪುಟ್ಟಾ? ಮೋಡದಲ್ಲಿ ಸಿಗ್ನಲ್ ಇದ್ಯಾ?" ಎಂದುಬಿಟ್ಟೆ. ಪಾಪ, ಧೈರ್ಯ ಹೇಳಲು ಬಂದ ಹುಡುಗಿಗೂ ಅಳು ಬಂತು. ಅವಳನ್ನು ತಬ್ಬಿಕೊಂಡಾಗ, ಸುಮಾ ಇಲ್ಲದ ಮನೆ ಹೇಗಿರುತ್ತದೆ ಎನ್ನುವುದು ಒಂದು ಕ್ಷಣ ಕಣ್ಣ ಮುಂದೆ ಬಂದು ನನ್ನ ಜೀವವೇ ಬಾಯಿಗೆ ಬಂತು. ದೇವರ ಪಟದ ಮುಂದೆ ಕುಸಿದು ಕೂತು ಮನೆದೇವರು ನರಸಿಂಹಸ್ವಾಮಿಗೆ ಹರಕೆ ಹೊತ್ತೆ.

ಆಗ ಫೋನ್ ಬಂತು. ಸುಮಾಳೇ.

"ಅಲ್ಲಿ ರನ್‌ವೇಗೆ ಹೋಗೋಕೇ ದೊಡ್ಡ ಕ್ಯೂ ಇತ್ತು ರೀ. ಇಲ್ಲಿ ಇಳಿದ್ಮೇಲೆ ವಿಮಾನದಿಂದ ಕರ್ಕೊಂಡು ಹೋಗೋ ಬಸ್ಸು ಬೇರೆ ಬರಲಿಲ್ಲ, ಈಗಷ್ಟೇ ಫೋನ್ ಆನ್ ಮಾಡ್ದೆ. ಅದ್ಯಾಕೆ ಇಬ್ರೂ ಅಳ್ತಿದ್ದೀರಾ?"

ಎಲ್ಲ ಹೇಳಿದೆ, ಹರಕೆಯನ್ನೂ ಹೇಳಿದೆ. ಅವಳ ದನಿ ಮೆತ್ತಗಾಯಿತು.

"ನನಗೋಸ್ಕರ ಹರಕೆ ಹೊತ್ರಾ? ಏನಂತ?"

"ಕ್ಷೇಮವಾಗಿ ಇಳಿದ್ರೆ ಗುಡಿ ಸುತ್ತ ಉರುಳುಸೇವೆ ಅಂತ."

"ಅಯ್ಯೋ, ಮೊದಲೇ ಸೊಂಟನೋವು ನಿಮಗೆ. ಕಲ್ಲಿನ ಮೇಲೆ ಹೇಗ್ರೀ ಉರುಳ್ತೀರಿ?"

ಅಷ್ಟು ಹೆದರಿಕೆಯಲ್ಲೂ ನನಗೆ ನನ್ನ ಸೊಂಟದ ನೆನಪು ಇದ್ದೇ ಇತ್ತು. ಹರಕೆಯನ್ನು ನಾನು ಹೊತ್ತದ್ದು ಅವಳೇ ಬಂದು ಉರುಳುತ್ತಾಳೆ ಎಂದು.