ತಿಂದ ಮೇಲೆ ಮೂರು ಗಂಟೆ

ಎಲ್ಲ ಶುರುವಾದದ್ದು ಅರ್ಧ ಪೀಚ್ ಹಣ್ಣಿನಿಂದ. ಅತ್ತೆ ಅಟ್ಟಿಲಿಯಾ ಅದನ್ನು ಸುಲಿದು, ಚಾಕುವಿನ ತುದಿಗೆ ಚುಚ್ಚಿ ಅಳಿಯನ ಮೂಗಿನ ಮುಂದೆ ಹಿಡಿದಳು. ಎರ್ಮೆಸ್ ಯೋಚಿಸದೆ ಬಾಯಿ ತೆರೆದ. ವಾರವಿಡೀ ಮೊಡೆನಾದಲ್ಲಿ ಬಸ್ಸು ಓಡಿಸಿ, ಬೇಸಿಗೆ ಕಳೆಯಲು ಕಡಲತೀರಕ್ಕೆ ಬಂದ ಹೆಂಡತಿ ಮಕ್ಕಳನ್ನು ನೋಡಲು ಭಾನುವಾರದ ಮೊದಲ ರೈಲು ಹಿಡಿಯುವ ಗಂಡಸಿಗೆ ಯೋಚಿಸುವ ಶಕ್ತಿ ಎಲ್ಲಿಂದ ಬರಬೇಕು?

"ಹತ್ತು ಮೂವತ್ತನಾಲ್ಕು," ಎಂದಿತು ಮರಳಿನಲ್ಲಿ ನೆಟ್ಟ ಪಕ್ಕದ ಬಿಸಿಲುಕೊಡೆಯಡಿಯ ದನಿ. ಅದು ಪ್ರಿಮೋ, ನಿವೃತ್ತ ಸ್ಟೇಷನ್ ಮಾಸ್ಟರ್. ಹದಿನೆಂಟು ವರ್ಷದಿಂದ ಮೂರನೇ ಸಾಲಿನ ಅದೇ ಕೊಡೆ, ಅದೇ ಜೇಬುಗಡಿಯಾರ. "ತಿಂದ ಮೇಲೆ ಮೂರು ಗಂಟೆ. ಒಂದು ಮೂವತ್ತನಾಲ್ಕರ ತನಕ ನೀರಿಗಿಳಿಯೋ ಹಾಗಿಲ್ಲ."

"ಪಪ್ಪಾ! ಈಗ್ಲೇ ಹೋಗೋಣ ಅಂದಿದ್ದೆ!" ಆರು ವರ್ಷದ ಜೆಮ್ಮಾ ಅಪ್ಪನ ಕೈ ಜಗ್ಗಿದಳು. ಅವಳು ನೀರಿನ ಮೇಲೆ ಅಂಗಾತ ತೇಲುವುದನ್ನು ಕಲಿತು ಹತ್ತು ದಿನವಾಗಿತ್ತು. ಹೋದ ಭಾನುವಾರ ಎರ್ಮೆಸ್ ಕೊಡೆಯಡಿ ನಿದ್ದೆಹೋಗಿ, ಎದ್ದಾಗ ರೈಲಿನ ಹೊತ್ತಾಗಿತ್ತು. ಈ ಸಲ ಪಕ್ಕದಲ್ಲೇ ನಿಂತು ನೋಡುತ್ತೇನೆಂದು ಫೋನಿನಲ್ಲಿ ಆಣೆ ಮಾಡಿದ್ದ. ವಾಪಸ್ಸು ರೈಲು ಸಂಜೆ ಆರು ನಲವತ್ತಕ್ಕೆ.

"ಅರ್ಧ ಹಣ್ಣು ಕಣ್ರೀ," ಎಂದ ಎರ್ಮೆಸ್.

"ಅರ್ಧ ಆದ್ರೇನು? ಹೊಟ್ಟೆ ಪೂರ್ತಿ ಕೆಲಸ ಮಾಡುತ್ತೆ," ಎಂದಳು ಮುಂದಿನ ಕೊಡೆಯ ಈನೆಸಮ್ಮ. "ನಮ್ಮ ಚಿಕ್ಕಪ್ಪನ ಭಾವಮೈದ ಒಂದೇ ಒಂದು ಅಂಜೂರ ತಿಂದು ನೀರಿಗಿಳಿದ. ಬಂದದ್ದು ಟೋಪಿ ಮಾತ್ರ."

"ಹೋದ ವರ್ಷ ಅದು ದ್ರಾಕ್ಷಿ ಆಗಿತ್ತಲ್ಲ?"

"ಸತ್ತವರ ವಿಷಯದಲ್ಲಿ ತಮಾಷೆ ಬೇಡ ಎರ್ಮೆಸ್!"

ಆ ಕಡಲಿನಲ್ಲಿ ನೂರು ಹೆಜ್ಜೆ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ಮುಳುಗಬೇಕೆಂದರೆ ಮಲಗಬೇಕು. ಆದರೆ ಇದನ್ನು ಹೇಳಲು ಎರ್ಮೆಸ್‌ಗೆ ಧೈರ್ಯವಾಗಲಿಲ್ಲ. ಕೈಗೂಸಿಗೆ ಗಾಳಿ ಹಾಕುತ್ತಿದ್ದ ಹೆಂಡತಿ ಲೊರೆಟ್ಟಾಳತ್ತ ನೋಡಿದ. ಅವಳು ತಾಯಿಯ ಕಡೆ ನೋಡಿದಳು. ಅಲ್ಲಿಗೆ ತೀರ್ಪು ಮುಗಿಯಿತು.

ಸರಿ, ಒಂದೂವರೆಯ ತನಕ ಏನನ್ನೂ ಮುಟ್ಟುವುದಿಲ್ಲವೆಂದು ಅವನು ತೀರ್ಮಾನಿಸಿದ. ಆದರೆ ಒಂದು ಗಂಟೆಗೆ ಅತ್ತೆ ಮಾಂಸ, ಚೀಸ್ ಪದರ ಹಾಕಿ ಬೇಯಿಸಿದ ಲಸಾನ್ಯಾ ತಟ್ಟೆಗೆ ಸುತ್ತಿದ್ದ ಟವೆಲ್ಲನ್ನು ಕೂಸಿನ ಬಟ್ಟೆ ಬಿಚ್ಚುವಂತೆ ಬಿಚ್ಚಿದಳು.

"ನನಗೆ ಬೇಡ ಅತ್ತೆ. ಹೊಟ್ಟೆ ಯಾಕೋ ಸರಿಯಿಲ್ಲ."

"ಹೊಟ್ಟೆ ಸರಿಯಿಲ್ವಾ? ಹಾಗಾದ್ರೆ ಇವತ್ತು ನೀರಿನ ಮಾತೇ ಇಲ್ಲ!"

"ಅಯ್ಯೋ, ಸರಿಯಾಗೇ ಇದೆ!"

"ಸರಿಯಾಗಿದ್ರೆ ತಿನ್ನು. ಐದು ಗಂಟೆಗೆ ಎದ್ದು ಮಾಡಿದೀನಿ."

ಎರ್ಮೆಸ್‌ನ ತಲೆ ನಾಲ್ಕು ದಾರಿ ಕೂಡುವಲ್ಲಿ ಸಿಗ್ನಲ್ ಕೆಟ್ಟು ಸಿಕ್ಕಿಬಿದ್ದ ಬಸ್ಸಿನ ಹಾಗೆ ನಿಂತಿತು. ತಿಂದರೆ ನೀರಿಲ್ಲ, ತಿನ್ನದಿದ್ದರೂ ನೀರಿಲ್ಲ. ಕೊನೆಗೆ ತನ್ನ ಹೊಟ್ಟೆ ಗಟ್ಟಿಯಿದೆಯೆಂದು ರುಜುವಾತು ಮಾಡಲು ಎರಡು ತಟ್ಟೆ ತಿಂದ. ಜೆಮ್ಮಾ ಒಂದು ತಿಂದಳು.

"ಒಂದು ಹತ್ತು," ಎಂದ ಪ್ರಿಮೋ. "ಅಪ್ಪ ಮಗಳು ಇಬ್ಬರೂ ನಾಲ್ಕು ಹತ್ತಕ್ಕೆ ಹೊರಡಬಹುದು."

"ಕಲ್ಲಂಗಡಿ ತಿಂದ್ರೆ?" ಈನೆಸಮ್ಮ ಹೋಳು ಚಾಚಿದಳು.

"ಅದಕ್ಕೆ ಒಂದು ಗಂಟೆ. ನೀರೇ ತಾನೇ ಅದು."

"ನೀರಾದ್ರೆ ಒಂದು ಗಂಟೆ ಯಾಕೆ?" ಎಂದ ಎರ್ಮೆಸ್.

"ಬೀಜ ಇರುತ್ತಲ್ಲ!"

ಹಾಗಾದರೆ ಬೀಜ ಉಗಿದರೆ? ಕಾಫಿಗೆ ಎಷ್ಟು? ಹಾಲು ಹಾಕಿದ ಕಾಫಿಗೆ? ಒಂದೊಂದಕ್ಕೂ ಒಂದೊಂದು ಲೆಕ್ಕ, ಪ್ರತಿ ಕೊಡೆಯಡಿಯಲ್ಲೂ ಬೇರೆ ಬೇರೆ. ಎರ್ಮೆಸ್ ಬಾಯಿ ಬಿಗಿದುಕೊಂಡು ಕೂತ. ಮೂರೂವರೆಗೆ, ಯಾರೂ ಏನೂ ಕೊಡದ ಜಾಗ ಹುಡುಕಿಕೊಂಡು ಮಗಳೊಂದಿಗೆ ಶವರುಗಳ ಹಿಂದಕ್ಕೆ ಹೋದ. ಸರಿಯಾಗಿ ಅಲ್ಲೇ ಇತ್ತು ಬಾರಿನ ಅಡುಗೆಮನೆಯ ಕಿಟಕಿ. ಪರಿಚಯದ ಅಡುಗೆಯವಳು ಬಿಸಿಬಿಸಿ ಕರಿದ ಸ್ಕ್ವಿಡ್ ಮೀನಿನ ಬಳೆಯಂಥ ತುಂಡೊಂದನ್ನು, "ಉಪ್ಪು ಸಾಕಾ ನೋಡು," ಎಂದು ಬಾಯಿಗೇ ಇಟ್ಟಳು.

ಉಪ್ಪು ಸಾಕಾಗಿತ್ತು. ಕೆಳಗೆ ನೋಡಿದರೆ ಜೆಮ್ಮಾಳ ಕಣ್ಣು ಕೊಡೆಯಷ್ಟಗಲ ಬಿಚ್ಚಿಕೊಂಡಿತ್ತು.

"ಯಾರಿಗೂ ಹೇಳ್ಬೇಡ ಪುಟ್ಟಿ. ನಮ್ಮಿಬ್ಬರ ಗುಟ್ಟು."

ಅವಳು ತಲೆಯಾಡಿಸಿದಳು.

ನಾಲ್ಕು ಹತ್ತಕ್ಕೆ ಪ್ರಿಮೋ ಎದ್ದು ನಿಂತು, ಹಸಿರು ಟವೆಲ್ ಬೀಸಿದ. ಮೂರನೇ ಸಾಲು ಚಪ್ಪಾಳೆ ತಟ್ಟಿತು. ಅಪ್ಪ ಮಗಳು ಕೈಹಿಡಿದು ನೀರಿಗಿಳಿದರು. ಪಾದ, ಹರಡು, ಮೀನಖಂಡ. ಜೆಮ್ಮಾ ಮತ್ತೆ ಮತ್ತೆ ಅಪ್ಪನ ಹೊಟ್ಟೆಯತ್ತ ನೋಡುತ್ತಿದ್ದಳು.

"ಪಪ್ಪಾ, ಹೊಟ್ಟೆ ನೋಯ್ತಿದ್ಯಾ?"

"ಇಲ್ವಲ್ಲ."

ಇನ್ನೂ ಹತ್ತು ಹೆಜ್ಜೆ. "ಈಗ?"

"ಇಲ್ಲ ಕಣೇ."

"ನನ್ನ ಟೋಪಿ ಮರ್ತೆ. ತರ್ತೀನಿ. ನೀನು ಇಲ್ಲೇ ನಿಂತಿರು, ಅಲ್ಲಾಡ್ಬೇಡ!" ಎಂದವಳೇ ನೀರು ಚಿಮ್ಮಿಸುತ್ತ ದಡಕ್ಕೆ ಓಡಿದಳು.

ಎರ್ಮೆಸ್ ಮೊಣಕಾಲು ನೀರಿನಲ್ಲಿ ನಿಂತು ಕಾದ. ಬೆನ್ನಿಗೆ ಹಿತವಾದ ಬಿಸಿಲು. ಅಷ್ಟರಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗುವ ಧ್ವನಿವರ್ಧಕ ಗೊರಗುಟ್ಟಿತು.

"ಗಮನಿಸಿ. ಮೊಡೆನಾದ ಎರ್ಮೆಸ್ ಅವರು ಮೂರೂವರೆಗೆ ಕರಿದ ಮೀನು ತಿಂದು ಸಮುದ್ರದಲ್ಲಿದ್ದಾರೆ. ನೀಲಿ ಚಡ್ಡಿ. ಹತ್ತಿರ ಇದ್ದವರು ದಯವಿಟ್ಟು ಹಿಡ್ಕೊಳ್ಳಿ."

ಐದು ಮೈಲಿ ಉದ್ದದ ದಡ ಒಮ್ಮೆಲೇ ಎದ್ದು ನಿಂತಿತು. ಅತ್ತೆಯ ಚೀತ್ಕಾರ ಅಲೆಗಳನ್ನು ದಾಟಿ ಬಂತು. ಜೀವರಕ್ಷಕ ಲೋರಿಸ್ ಕೆಂಪು ದೋಣಿಯನ್ನು ನೀರಿಗೆ ತಳ್ಳಿದ. ದೋಣಿ ಎರಡು ಸಲ ಮರಳಿಗೆ ತಾಗಿತು, ಎರಡು ಸಲವೂ ಅವನೇ ಇಳಿದು ನೂಕಿದ.

"ನಾನು ನಿಂತಿದೀನಿ ಮಾರಾಯ!"

"ಎಲ್ಲರೂ ಹಾಗೇ ಹೇಳೋದು," ಎಂದು ಲೋರಿಸ್ ಅವನನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡ.

ದಡದಲ್ಲಿ ಮಲಗಿಸಿ ಕಾಲು ಮೇಲೆತ್ತಿದರು. ಈನೆಸಮ್ಮ ಅಳುತ್ತ, "ಅಂಜೂರ ತಿಂದ ನಮ್ಮವನೂ ಮೊದಲು ಹೀಗೇ ಮಾತಾಡ್ತಾ ಇದ್ದ," ಎಂದಳು. ಮೀನಿನ ಗುಟ್ಟು ಹೇಳಿದ್ದು ಯಾರೆಂದು ಎರ್ಮೆಸ್‌ಗೆ ತಿಳಿಯಲಿಲ್ಲ. ಅಡುಗೆಯವಳೇ? ಪ್ರಿಮೋನೇ? ಅಷ್ಟರಲ್ಲಿ ಒದ್ದೆ ಕೈಗಳೆರಡು ಅವನ ಕುತ್ತಿಗೆಗೆ ಬಿದ್ದವು.

"ನಾನೇ ಹೇಳ್ದೆ ಪಪ್ಪಾ. ಗುಟ್ಟು ಅಂತ ಗೊತ್ತು. ಆದ್ರೆ ಟೋಪಿ ಮಾತ್ರ ವಾಪಸ್ ಬಂದ್ರೆ ನಾನೇನ್ಮಾಡ್ಲಿ?"

ಅವನು ಉತ್ತರ ಕೊಡಲು ಬಾಯಿ ತೆರೆದ. ಅದೇ ತಪ್ಪಾಯಿತು. ಜೀವ ಉಳಿಸಲು ಅತ್ತೆ ಬ್ರಾಂದಿಯಲ್ಲಿ ಅದ್ದಿದ ಸಕ್ಕರೆ ಗಟ್ಟಿಯೊಂದನ್ನು ಒಳಗೆ ತುರುಕಿದಳು.

"ನಾಲ್ಕು ಮೂವತ್ತೊಂದು," ಎಂದ ಪ್ರಿಮೋ. "ಇನ್ನು ಏಳು ಮೂವತ್ತೊಂದಕ್ಕೆ."

ಆರು ನಲವತ್ತರ ರೈಲಿಗೆ ಹೊರಡುವ ಮುನ್ನ ಜೆಮ್ಮಾ ಅಪ್ಪನ ಮುಂದೆ ಒಣ ಮರಳಿನ ಮೇಲೆ ಅಂಗಾತ ಮಲಗಿದಳು. ಕೈಕಾಲು ಅಗಲಿಸಿದಳು, ಗಲ್ಲ ಮೇಲೆತ್ತಿದಳು, ಕೆನ್ನೆ ಊದಿಸಿದಳು.

"ಹೀಗೆ ಪಪ್ಪಾ. ಕೆಳಗೆ ನೀರಿದೆ ಅಂದ್ಕೋ."

ಎರ್ಮೆಸ್ ಶರ್ಟು ಪ್ಯಾಂಟು ಹಾಕಿದ್ದರೂ ಪಕ್ಕದಲ್ಲೇ ಮಲಗಿ ಕೈಕಾಲು ಚಾಚಿದ.

ಪ್ರಿಮೋ ಗಡಿಯಾರ ತೆಗೆದ. "ಮಗು ತೇಲಬಹುದು," ಎಂದ. "ನೀನು ಎದ್ದೇಳು ಎರ್ಮೆಸ್."